ಬಲಗಾಲು ಬಿಳಿಯಾದ ಕುದುರೆ

ಕುದುರೆ ಕಂಡರೆ ನನಗೆ ಹೆದರಿಕೆ. ಚಿಕ್ಕವನಿದ್ದಾಗಲೂ ಇತ್ತು, ಮೀಸೆ ಬಂದ ಮೇಲೂ ಹೋಗಲಿಲ್ಲ. ಚಿತ್ರದುರ್ಗದ ಬೀದಿಯಲ್ಲಿ ಜಟಕಾ ನಿಂತಿದ್ದರೆ ನಾನು ಎದುರು ಸಾಲಿನ ಅಂಗಡಿಗಳ ಜಗಲಿ ಹತ್ತಿ ಇಳಿದು ಹೋಗುತ್ತಿದ್ದೆ. ಇಂಥ ನಾನು ಒಂದು ಕುದುರೆಯ ಚಿತ್ರ ಬರೆದು ಒಬ್ಬ ಮುದುಕರ ಮಾತನ್ನು ಸುಳ್ಳು ಮಾಡಿದೆ. ಆಮೇಲೆ ಅದೇ ಕುದುರೆಯ ಹಗ್ಗ ಹಿಡಿದು ಮೂರು ದಿನ ನಡೆದೆ. ಇದನ್ನು ಬರೆಯಲು ಕೂತು ಈಗಾಗಲೇ ನಾಲ್ಕು ಸಲ ಎದ್ದು ಅಂಗಳಕ್ಕೆ ಹೋಗಿ ಬಂದಿದ್ದೇನೆ. ನನ್ನದು ಕೂತಲ್ಲಿ ಕೂರದ ಜೀವ, ಏನು ಮಾಡುವುದು.

ಆಗ ನಾನು ದುರ್ಗದ ಒಂದು ಕಲ್ಲಚ್ಚಿನ ಮುದ್ರಣಶಾಲೆಯಲ್ಲಿ ಕಲ್ಲಿನ ಮೇಲೆ ಬರೆಯುವ ಕೆಲಸಕ್ಕಿದ್ದೆ. ಕಲ್ಲಚ್ಚು ಎಂದರೆ ಈಗಿನವರಿಗೆ ಬಿಡಿಸಿ ಹೇಳಬೇಕು. ಪರದೇಶದಿಂದ ಬಂದ ನುಣುಪಾದ ತಿಳಿಹಳದಿ ಕಲ್ಲು, ನಾಲ್ಕು ಬೆರಳು ದಪ್ಪ. ಅದರ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆಯುತ್ತಾರೆ. ಆಮೇಲೆ ಕಲ್ಲನ್ನು ಒದ್ದೆ ಮಾಡಿ ಮಸಿಯ ಉರುಳೆ ಆಡಿಸಿದರೆ, ನೀರು ಹಿಡಿದ ಕಡೆ ಮಸಿ ಕೂರುವುದಿಲ್ಲ, ಜಿಡ್ಡು ಇದ್ದ ಕಡೆ ಕೂರುತ್ತದೆ. ಮೇಲೆ ಕಾಗದ ಹಾಸಿ ಒತ್ತಿದರೆ ಪ್ರತಿ ಬಂತು. ಆದರೆ ಕಾಗದಕ್ಕೆ ಇಳಿಯುವಾಗ ಎಡಗಡೆಯದು ಬಲಕ್ಕೆ ಹೋಗುತ್ತದೆ, ಬಲಗಡೆಯದು ಎಡಕ್ಕೆ ಬರುತ್ತದೆ. ಆದ್ದರಿಂದ ಕಲ್ಲಿನ ಮೇಲೆ ಅಕ್ಷರಗಳನ್ನೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ, ಬಲದಿಂದ ಎಡಕ್ಕೆ, ತಿರುವಿ ಬರೆಯಬೇಕು.

ಅದು ನನ್ನ ವಿದ್ಯೆ. ಲಗ್ನಪತ್ರಿಕೆ, ಮಠದ ಪ್ರಕಟಣೆ, ಅಂಗಡಿಯವರ ಚೀಟಿ, ಶಾಲೆಯ ನೋಟೀಸು, ಏನು ಕೊಟ್ಟರೂ ಮೂಲವನ್ನು ಒಂದು ಸಲ ಓದಿಕೊಂಡು ಸರಸರ ತಿರುವಿ ಬರೆದು ಬಿಸಾಕುತ್ತಿದ್ದೆ. ಕೈ ಎಷ್ಟು ಪಳಗಿತ್ತೆಂದರೆ ಮನೆಯಲ್ಲಿ ಯಾರಿಗಾದರೂ ಕಾಗದ ಬರೆಯಲು ಕೂತರೆ ಮೊದಲ ಅಕ್ಷರ ತಿರುವಾಗಿಯೇ ಬೀಳುತ್ತಿತ್ತು. ಕೆಲಸ ಮುಗಿದ ಮೇಲೆ ಕಲ್ಲಿಗೆ ಮರಳು, ನೀರು ಹಾಕಿ ಇನ್ನೊಂದು ಕಲ್ಲಿನಿಂದ ತಿಕ್ಕಿದರೆ ಬರೆದದ್ದೆಲ್ಲ ಮಾಯ, ಮತ್ತೆ ಹೊಸ ಕಲ್ಲು. ಹೀಗೆ ಏಳು ವರ್ಷ ಬರೆದೆ, ಅಳಿಸಿದೆ. ಬೇಸರದಿಂದ ಮೈ ಪರಚಿಕೊಳ್ಳುವ ಹಾಗಾಗಿತ್ತು.

ಹಿರಿಯೂರಿನ ಹತ್ತಿರ ಮಾರಿಕಣಿವೆಯ ಕಟ್ಟೆ ಕೆಲಸ ಮುಗಿಯುತ್ತ ಬಂದ ಕಾಲ ಅದು. ಅಲ್ಲಿದ್ದ ದೊರೆಗಳು ಒಬ್ಬೊಬ್ಬರಾಗಿ ಬಂಗಲೆ ಖಾಲಿ ಮಾಡುತ್ತಿದ್ದರು. ನಮ್ಮ ಮುದ್ರಣಶಾಲೆಯ ಯಜಮಾನರು ಒಂದು ಬಂಗಲೆಯಿಂದ ಒಂದು ಪೆಟ್ಟಿಗೆ ತುಂಬ ಹಳೆಯ ಕಾಗದ ತಂದರು. ಒಂದು ಮಗ್ಗುಲು ಖಾಲಿ ಇದ್ದ ಗಟ್ಟಿ ಕಾಗದ, ಪರೀಕ್ಷೆಗೆ ಒಂದೊಂದು ಪ್ರತಿ ತೆಗೆದು ನೋಡಲು ಆಗುತ್ತದೆ ಎಂದು ಅವರ ಲೆಕ್ಕ. ಅದನ್ನು ಬಿಡಿಸಿ ಜೋಡಿಸುವಾಗ ನನ್ನ ಕೈಗೆ ಒಂದು ಚಿತ್ರ ಸಿಕ್ಕಿತು.

ಒಂದು ಬೂದು ಕುದುರೆ ಮುಂಗಾಲು ಎರಡನ್ನೂ ಎತ್ತಿ ನಿಂತಿದೆ. ಹಿಂದೆ ಕಪ್ಪು ಮೋಡ, ಮೋಡದಲ್ಲಿ ಒಂದು ಮಿಂಚಿನ ಗೆರೆ. ಕುದುರೆ ಕಣ್ಣಿನ ಬಿಳಿ ತಿರುಗಿಸಿದೆ, ಹೊಳ್ಳೆ ಅಗಲವಾಗಿದೆ, ಜೂಲು ಗಾಳಿಗೆ ಹಾರಿದೆ. ಮೇಲೆ ಕೂತ ಸೈನಿಕ ಕಡಿವಾಣ ಎಳೆಯುತ್ತಿದ್ದಾನೆ, ಅವನ ಕತ್ತಿ ಪಕ್ಕದಲ್ಲಿ ಜೋತಾಡುತ್ತಿದೆ. ಕೆಳಗಿನ ಬರಹವನ್ನು ಇಂಗ್ಲಿಷ್ ಬಲ್ಲ ಶಾಲೆ ಮೇಷ್ಟರಿಗೆ ತೋರಿಸಿದೆ. ಅದು ಫ್ರೆಂಚ್ ಭಾಷೆ, ಅರವತ್ತು ಎಪ್ಪತ್ತು ವರ್ಷದ ಹಿಂದಿನದು ಇರಬೇಕು, ಆ ಕಾಲದಲ್ಲಿ ಅಲ್ಲಿಯ ಚಿತ್ರಗಾರರಿಗೆ ಇಂಥ ಹುಚ್ಚುಕುದುರೆಗಳ ಮೇಲೆ ಬಹಳ ಪ್ರೀತಿ ಇತ್ತಂತೆ ಎಂದು ಅವರು ಹೇಳಿದರು.

ನನಗೆ ಅದು ಯಾವುದೂ ಬೇಕಿರಲಿಲ್ಲ. ನಾನು ಕಾಗದವನ್ನು ಬೆಳಕಿಗೆ ಹಿಡಿದು ಕುದುರೆಯ ಹೊಟ್ಟೆಯ ನೆರಳು ನೋಡುತ್ತಿದ್ದೆ. ಸಣ್ಣ ಸಣ್ಣ ಚುಕ್ಕೆಗಳು, ತರಿತರಿಯಾದ ಕಲ್ಲಿನ ಮೇಲೆ ಜಿಡ್ಡಿನ ಕಡ್ಡಿ ಎಳೆದಾಗ ಮಾತ್ರ ಏಳುವಂಥವು. ಇದು ತಾಮ್ರದಲ್ಲಿ ಕೊರೆದದ್ದಲ್ಲ, ಕಲ್ಲಚ್ಚು. ನಾನು ಏಳು ವರ್ಷದಿಂದ ಲಗ್ನಪತ್ರಿಕೆ ಬರೆಯುತ್ತಿದ್ದ ಅದೇ ಕಲ್ಲು. ಆ ಕಲ್ಲಿನಿಂದ ಇಂಥದ್ದು ಏಳುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲವಲ್ಲ ಎಂದು ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ.

ಅಂದಿನಿಂದ ನನಗೆ ನೆಮ್ಮದಿ ಹೋಯಿತು. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಿಂದ ಕುದುರೆ, ಗೋಡೆಯ ಮೇಲೆ ಇದ್ದಿಲಿನಿಂದ ಕುದುರೆ, ಕಲ್ಲಿನ ಅಂಚಿನಲ್ಲಿ ಕುದುರೆ. ಒಮ್ಮೆ ಮಠದ ಪ್ರಕಟಣೆಯ ಮೂಲೆಯಲ್ಲಿ ಒಂದು ಗೊರಸು ಅಚ್ಚಾಗಿ ಹೋಗಿ ಯಜಮಾನರು ಅಷ್ಟನ್ನೂ ಮತ್ತೆ ಮಾಡಿಸಿದರು. "ಏನಪ್ಪ, ನಿನಗೆ ಕುದ್ರೆ ಕಂಡ್ರೆ ಜಗಲಿ ಹತ್ತೋ ಬುದ್ಧಿ, ಕಾಗದದಾಗೆ ಮಾತ್ರ ಸವಾರಿ" ಎಂದು ಎಲ್ಲರ ಎದುರು ಆಡಿದರು.

ಹೀಗಿರುವಾಗ ಒಂದು ಬೆಳಿಗ್ಗೆ ಮುದ್ರಣಶಾಲೆಯ ಮುಂದೆ ಒಂದು ಕುದುರೆ ಬಂದು ನಿಂತಿತು. ಅದರ ಮೇಲಿಂದ ಎಪ್ಪತ್ತು ದಾಟಿದ ಒಬ್ಬ ಉದ್ದನೆಯ ಮುದುಕರು ಇಳಿದರು. ಹೊಸದುರ್ಗದವರು, ಮಹಾರಾಜರ ಕುದುರೆ ಪಡೆಯಲ್ಲಿ ಸವಾರರಾಗಿದ್ದು ವಯಸ್ಸಾದ ಮೇಲೆ ಊರಿಗೆ ಬಂದವರು. ಅವರ ಊರಿನಲ್ಲಿ ಎಲ್ಲರೂ ಅವರನ್ನು ಸವಾರಜ್ಜ ಎನ್ನುತ್ತಿದ್ದರಂತೆ, ನಾನೂ ಹಾಗೇ ಕರೆದೆ. ಅವರಿಗೆ ಬೇಕಾದದ್ದು ಚಹರೆ ಕಾಗದ. ಪಡೆಯಲ್ಲಿ ಒಂದೊಂದು ಕುದುರೆಗೂ ಅದರ ಬಣ್ಣ, ಮಚ್ಚೆ, ಸುಳಿ ಬರೆದ ಒಂದು ಚಹರೆ ಇರುತ್ತಿತ್ತು. ಅಂಥದ್ದನ್ನು ಈ ಹೆಣ್ಣುಗುದುರೆಗೆ ಮಾಡಿಸಿ, ಮೂವತ್ತು ಪ್ರತಿ ಅಚ್ಚು ಹಾಕಿಸಿ, ನಾಲ್ಕು ಕಡೆಯ ದೊಡ್ಡ ಮನೆಗಳಿಗೆ ಕಳಿಸಬೇಕು ಎಂದರು.

"ಮಾರಾಕಲ್ಲ" ಎಂದರು ಸವಾರಜ್ಜ. "ಒಪ್ಪಿಸಾಕೆ. ನನ್ನ ಮಗಳು ರಾಮಗಿರಿಯಾಗೆ ಅದಾಳೆ. ಅಳಿಯಗೆ ರೈಲ್ವೆ ಸ್ಟೇಷನ್ನಿನಾಗೆ ಕೆಲ್ಸ, ಒಂದು ಕೋಣೆ ಮನೆ. ನನ್ನ ಕರ್ಕೊಂಡು ಹೋಗ್ತೀವಿ ಅಂತಾರೆ, ಇವಳ್ನ ಎಲ್ಲಿ ಕಟ್ಟಾದು? ಜಟಕಾಕ್ಕೆ ಹೂಡಬಾರ್ದು, ಚಾವಟಿ ಮುಟ್ಟಿಸಬಾರ್ದು. ಅಂಥ ಮನೆ ಸಿಕ್ರೆ ಪುಕ್ಕಟೆ ಕೊಡ್ತೀನಿ. ಸಿಗಾಗಂಟ ನಾನು ಹೊಸದುರ್ಗ ಬಿಡಲ್ಲ."

"ಚಿತ್ರ ಬೇಕೇನ್ರಿ, ಬರೀ ಬರಹ ಸಾಕೇನ್ರಿ?" ಎಂದು ಕೇಳಿದವನು ನಾನೇ. ಯಜಮಾನರು ಬಾಯಿ ತೆರೆಯುವ ಮೊದಲೇ ಕೇಳಿಬಿಟ್ಟೆ.

"ಬರಿಯಾಕೆ ಬರ್ತದಾ? ಹಂಗಾರೆ ಬರಿ."

ಅವರು ಒಂದೊಂದೇ ಹೇಳಿದರು, ನಾನು ಬರೆದುಕೊಂಡೆ. ಕಂದು ಬಣ್ಣ. ಗಂಟಲ ಕೆಳಗೆ ದೇವಮಣಿ ಎಂಬ ಒಳ್ಳೆಯ ಸುಳಿ. ಕಣ್ಣಿನ ಕೆಳಗೆ ಸುಳಿ ಇಲ್ಲ. ಎಡ ಹಿಂಗಾಲು ಗೊರಸಿನ ಮೇಲೆ ಬಿಳಿ. ಇಲ್ಲಿ ಅವರು ನಿಲ್ಲಿಸಿ ಎರಡು ಸಲ ಹೇಳಿದರು. ಒಂದೇ ಹಿಂಗಾಲು ಬಿಳಿ ಇದ್ದರೆ, ಎಡದ್ದಾದರೆ ಅಡ್ಡಿಯಿಲ್ಲ, ಬಲದ್ದಾದರೆ ಕಟ್ಟಿದ ಮನೆಗೆ ಆಗುವುದಿಲ್ಲ ಎಂದು ಕುದುರೆ ಬಲ್ಲವರ ನಂಬಿಕೆಯಂತೆ. "ಅದು ಒಂದು ಸರಿಯಾಗಿ ಬರ್ಲಿ ತಮ್ಮ, ಬಾಕಿದು ಹೆಂಗಾರ ಇರ್ಲಿ."

ಕುದುರೆಯನ್ನು ಎಡಮಗ್ಗುಲು ಕಾಣುವ ಹಾಗೆ ಬೇವಿನ ಮರದಡಿ ನಿಲ್ಲಿಸಿದರು. ನಾನು ಹತ್ತು ಮಾರು ದೂರದಲ್ಲಿ ಕೂತು ನೋಡಿದೆ. ಅದು ತಲೆ ತಗ್ಗಿಸಿ, ಒಂದು ಕಾಲು ಸಡಿಲ ಬಿಟ್ಟು, ಅರೆಗಣ್ಣು ಮುಚ್ಚಿ ನಿಂತಿತ್ತು. ನನಗೆ ನಿರಾಸೆಯಾಯಿತು. ಇದನ್ನೇನು ಬರೆಯುವುದು, ಎಮ್ಮೆಯನ್ನು ಬರೆದರೂ ಇಷ್ಟೇ ಅಲ್ಲವೇ ಎಂದುಕೊಂಡೆ.

ಎರಡು ದಿನ ಕಲ್ಲಿನ ಮೇಲೆ ಬಗ್ಗಿದ್ದೆ. ಎರಡು ದಿನ ಎದ್ದು ಓಡಾಡಲಿಲ್ಲ, ಅದು ನನ್ನ ಜೀವಮಾನದಲ್ಲೇ ದೊಡ್ಡ ಸಂಗತಿ. ಆ ಹೆಣ್ಣುಗುದುರೆಯನ್ನು ಹಿಂಗಾಲ ಮೇಲೆ ಎಬ್ಬಿಸಿದೆ. ಕಣ್ಣಿನ ಬಿಳಿ ತಿರುಗಿಸಿದೆ, ಹೊಳ್ಳೆ ಅರಳಿಸಿದೆ, ಜೂಲಿಗೆ ಗಾಳಿ ಕೊಟ್ಟೆ, ಹಿಂದೆ ದುರ್ಗದ ಬಂಡೆಗಳ ಮೇಲೆ ಮೋಡ ಕವಿಸಿದೆ. ಮಿಂಚನ್ನು ಕೂಡ ಬಿಡಲಿಲ್ಲ. ಕೆಳಗೆ ಚಹರೆಯ ಬರಹವನ್ನು ಎಂದಿನಂತೆ ತಿರುವಿ ಬರೆದೆ. ಪ್ರತಿ ಎತ್ತಿದಾಗ ನನ್ನ ಎದೆ ತುಂಬಿ ಬಂತು. ಯಜಮಾನರು ಅಕ್ಷರಗಳ ಮೇಲೆ ಕಣ್ಣಾಡಿಸಿ, ತಪ್ಪಿಲ್ಲ ಎಂದು ತಲೆಯಾಡಿಸಿದರು. ಅವರು ನೋಡುತ್ತಿದ್ದುದು ಅಕ್ಷರ ಮಾತ್ರ.

ಸವಾರಜ್ಜ ಅಷ್ಟೂ ದಿನ ಛತ್ರದಲ್ಲಿ ತಂಗಿದ್ದು, ಬಂದು ಕಾಗದದ ಕಟ್ಟು ತೆಗೆದುಕೊಂಡರು. ಒಂದು ಪ್ರತಿಯನ್ನು ಮುಖಕ್ಕೆ ಹತ್ತಿರ ಹಿಡಿದು, "ಮಸಿ ವಾಸನೆ ಚಲೋ ಐತೆ" ಎಂದರು, ಮಡಚಿ ಚೀಲಕ್ಕೆ ಹಾಕಿದರು. ಅಷ್ಟೇ. ನಾನು ಅಂಥ ಚಿತ್ರ ಬರೆದರೆ ಈ ಮುದುಕ ಮಸಿಯ ವಾಸನೆ ಹೊಗಳುತ್ತಾನಲ್ಲ ಎಂದು ಸಂಜೆಯವರೆಗೆ ಗೊಣಗಿದೆ.

ತಿಂಗಳು ಕಳೆದಿರಬೇಕು. ಹೊಳಲ್ಕೆರೆಯ ಒಬ್ಬ ವರ್ತಕರು ಅಂಗಡಿಯ ಚೀಟಿ ಅಚ್ಚು ಹಾಕಿಸಲು ಬಂದಿದ್ದರು. ಮಾತಿನ ನಡುವೆ, "ನಿಮ್ಮಲ್ಲೇ ಅಲ್ಲೇನ್ರಿ ಆ ಹೊಸದುರ್ಗದ ಮುದುಕ ಕುದ್ರೆ ಕಾಗ್ದ ಮಾಡ್ಸಿದ್ದು?" ಎಂದು ಕೇಳಿದರು. ನಾನು ಹಿಗ್ಗಿ ಮುಂದೆ ಬಂದೆ.

"ಒಳ್ಳೆ ಮೋಸಗಾರ" ಎಂದರು ವರ್ತಕರು. "ಬರಹದಾಗೆ ಎಡಗಾಲು ಬಿಳಿ ಅಂತೈತೆ, ಚಿತ್ರದಾಗೆ ನೋಡಿದ್ರೆ ಬಲಗಾಲು. ಐಬು ಮುಚ್ಚಾಕೆ ಬಾಯಾಗೆ ಒಂದು ಹೇಳ್ಯಾನೆ, ಚಿತ್ರ ಬರೆದವನು ಪಾಪ ಕಂಡಂಗೆ ಬರೆದಾನೆ. ಪುಕ್ಕಟೆ ಯಾಕೆ ಕೊಡ್ತಾನೆ ಅಂತ ಈಗ ತಿಳೀತು. ಅದ್ರ ಕಣ್ಣು ನೋಡಿದ್ರೇನು? ಮೈಮ್ಯಾಲೆ ಬಂದಂಗೈತೆ. ಅವನು ನಮ್ಮಲ್ಲಿಗೆ ಬಂದಾಗ ಕುದ್ರೆ ನೋಡಾಕೂ ಹೋಗ್ದೆ ನಾಕು ಜನದೆದ್ರಿಗೆ ಹೇಳಿ ಕಳಿಸ್ದೆ."

ಒಳಗೆ ಹೋಗಿ ಉಳಿದಿದ್ದ ಒಂದು ಪ್ರತಿ ಬಿಡಿಸಿದೆ. ಬೇವಿನ ಮರದಡಿ ಆ ಕುದುರೆ ನಿಂತದ್ದು ಎಡಕ್ಕೆ ಮುಖ ಮಾಡಿ. ಕಾಗದದ ಕುದುರೆ ಬಲಕ್ಕೆ ಮುಖ ಮಾಡಿತ್ತು. ನಮ್ಮ ಕಡೆಗೆ ಕಾಣುತ್ತಿದ್ದುದು ಅದರ ಬಲಮಗ್ಗುಲು, ಬಿಳಿಯ ಕಾಲು ಬಲಗಾಲು. ಅಕ್ಷರವನ್ನೆಲ್ಲ ತಿರುವಿ ಬರೆದ ನಾನು, ಕುದುರೆಯನ್ನು ಮಾತ್ರ ಕಂಡ ಹಾಗೆ ನೇರ ಬರೆದಿದ್ದೆ. ಏಳು ವರ್ಷದಲ್ಲಿ ನನ್ನ ಕೈ ಕಲಿತದ್ದು ಅಕ್ಷರ ತಿರುವುವುದನ್ನು. ಚಿತ್ರ ತಿರುವಬೇಕೆಂದು ಅದಕ್ಕೆ ಹೇಳಿದವರಿಲ್ಲ, ತಲೆಯಲ್ಲಿದ್ದದ್ದು ಬರೀ ಮಿಂಚು.

ತಿದ್ದಲು ಕಲ್ಲಿನ ಹತ್ತಿರ ಓಡಿದೆ. ಆ ಕಲ್ಲನ್ನು ತಿಕ್ಕಿ ಎಷ್ಟೋ ದಿನವಾಗಿತ್ತು, ಅದರ ಮೇಲೆ ಯಾವುದೋ ಶಾಲೆಯ ನೋಟೀಸು ಕೂತಿತ್ತು. ತಿಕ್ಕಿದವನೂ ನಾನೇ. ವರ್ತಕರು ಹೊರಗೆ ಇನ್ನೂ ಮಾತಾಡುತ್ತಿದ್ದರು. ತಪ್ಪು ನನ್ನದು ಎಂದು ಅಲ್ಲಿಯೇ ಹೇಳಬೇಕಿತ್ತು. ಹೇಳಲಿಲ್ಲ. ಅವರು ಹೋದ ಮೇಲೆ ಯಜಮಾನರಿಗೆ ಹೇಳಿ, ಅವರ ಬೈಗುಳ ಮುಗಿಯುವ ಮೊದಲೇ ಹೊರಟುಬಿಟ್ಟೆ. ಆ ಫ್ರೆಂಚ್ ಚಿತ್ರವನ್ನು ಸುರುಳಿ ಸುತ್ತಿ ಬಗಲಲ್ಲಿ ಇಟ್ಟುಕೊಂಡಿದ್ದೆ. ಯಾಕೆ ಎಂದು ಕೇಳಿದರೆ ಈಗಲೂ ಹೇಳಲಾರೆ.

ಸಿಕ್ಕ ಗಾಡಿಯಲ್ಲಿ ಕೂತೆ, ಗಾಡಿ ನಿಧಾನವೆಂದು ಇಳಿದು ನಡೆದೆ, ಕಾಲು ಸೋತು ಮತ್ತೊಂದು ಗಾಡಿ ಹತ್ತಿದೆ. ಹಾಗೆ ಹೊಸದುರ್ಗ ಸೇರಿದಾಗ ಮಾರನೆಯ ದಿನ ಮಧ್ಯಾಹ್ನ. ಊರಾಚೆ ಸಣ್ಣ ಮನೆ, ಪಕ್ಕದಲ್ಲೇ ಚಪ್ಪರದ ಕೆಳಗೆ ಕುದುರೆ. ಸವಾರಜ್ಜ ಅದರ ಬೆನ್ನಿಗೆ ಒಣಹುಲ್ಲಿನ ಹಿಡಿಯಿಂದ ಮಾಲೀಶು ಮಾಡುತ್ತಿದ್ದರು.

"ಅಜ್ಜಾ, ದುರ್ಗದ ಕಲ್ಲಚ್ಚಿನವನು" ಎಂದೆ.

"ದನಿಯಿಂದ್ಲೇ ತಿಳೀತು. ಬರ್ರಿ, ಕುಂತ್ಕಳ್ರಿ."

ನಾನು ಕೂರಲಿಲ್ಲ. ನಿಂತೇ ಒಂದೇ ಉಸಿರಿಗೆ ಎಲ್ಲ ಹೇಳಿದೆ. ಕಲ್ಲು ತಿರುವುವುದು, ನಾನು ಮರೆತದ್ದು, ಹೊಳಲ್ಕೆರೆಯ ವರ್ತಕರ ಮಾತು. ಅವರು ಹುಲ್ಲಿನ ಹಿಡಿ ನಿಲ್ಲಿಸದೆ ಕೇಳಿದರು.

"ಅಂಗಾರೆ ಬಲಗಾಲು ಬಿಳಿ ಅಂತ ಬಂದೈತಾ?" ಎಂದರು ಕೊನೆಗೆ. "ನಾನು ಹೊಳಲ್ಕೆರೆಯಾಗೆ ಜಗಳ ಆಡಿ ಬಂದೆ. ಕಾಗದದಾಗೆ ಸರಿಯಾಗೇ ಐತೆ, ನಿನ್ನ ಕಣ್ಣು ಸರಿಯಿಲ್ಲ ಅಂದೆ."

"ಕಾಗದ ನೀವೇ ನೋಡಿದ್ರಲ್ಲ ಅಜ್ಜಾ."

ಅವರು ನನ್ನ ಕಡೆ ತಿರುಗಿದರು. ಬಿಸಿಲು ಮುಖದ ಮೇಲೆ ನೇರವಾಗಿ ಬಿದ್ದಿತ್ತು, ಎರಡು ಕಣ್ಣೂ ಪೊರೆ ಬಂದು ಹಾಲಿನಂತೆ ಬಿಳಿಯಾಗಿದ್ದವು. ದುರ್ಗದಲ್ಲಿ ಅಷ್ಟು ಹತ್ತಿರ ಇದ್ದೂ ನಾನು ಗಮನಿಸಿರಲಿಲ್ಲ, ಕುದುರೆಯ ಭಯದಲ್ಲಿ ಅವರ ಮುಖವನ್ನೇ ನೋಡಿರಲಿಲ್ಲ. "ಬೆಳಕು ಕಾಣ್ತದೆ, ಆಕಾರ ಕಾಣ್ತದೆ" ಎಂದರು. "ಅಕ್ಷರ ಹೋಗಿ ಎರಡು ವರ್ಷ ಆತು. ಯಾರಿಗೂ ಹೇಳಿಲ್ಲ. ಕುರುಡನ ಕುದ್ರೆ ಅಂದ್ರೆ ಯಾರು ತಗಂತಾರೆ?"

ಹೊಸದುರ್ಗದಿಂದ ದುರ್ಗಕ್ಕೆ ಎರಡು ದಿನದ ಹಾದಿ. ಗಾಡಿ, ದನ, ಹಳ್ಳ, ಸೇತುವೆ ಎಲ್ಲವನ್ನೂ ದಾಟಿ ಆ ಕಣ್ಣಿಲ್ಲದವರನ್ನು ಮುದ್ರಣಶಾಲೆಯ ಬಾಗಿಲಿಗೆ ತಂದು ನಿಲ್ಲಿಸಿದ್ದು ಈ ಕುದುರೆ. ಅದನ್ನು ನಾನು ದೆವ್ವ ಮಾಡಿ ಬರೆದಿದ್ದೆ. ನಾಚಿಕೆಯಿಂದ ನೆಲಕ್ಕಿಳಿದು ಹೋದೆ. ಬಗಲಿನ ಸುರುಳಿ ಬಿಡಿಸಿ, ಹೀಗೊಂದು ಪರದೇಶದ ಚಿತ್ರವಿದೆ, ಇದನ್ನು ನೋಡಿ ನನಗೆ ತಲೆ ಕೆಟ್ಟಿತು ಎಂದೆ.

"ಹೇಳು, ಅದ್ರಾಗೆ ಏನೈತೆ?"

ಹೇಳಿದೆ. ಕುದುರೆ, ಮೋಡ, ಮಿಂಚು, ಸೈನಿಕ.

"ಕತ್ತಿ ಯಾವ ಮಗ್ಗುಲಿಗೈತೆ?"

ನೋಡಿದೆ. "ಬಲಕ್ಕೆ."

ಸವಾರಜ್ಜ ಮೊದಲ ಸಲ ನಕ್ಕರು. "ಬಲಗೈಯಾಗೆ ಕತ್ತಿ ಹಿರಿಯೋನು ಎಡಕ್ಕೆ ಕಟ್ಕಂತಾನೆ ತಮ್ಮ. ಅವನೂ ನಿನ್ನಂಗೆ ಮರ್ತಾನೆ."

ಏಳು ಸಮುದ್ರದಾಚೆಯ ಆ ಚಿತ್ರಗಾರನೂ ನನ್ನ ಹಾಗೇ ಕಲ್ಲನ್ನು ಮರೆತಿದ್ದ. ಒಂದು ಗಳಿಗೆ ಹಾಯೆನಿಸಿತು. ಆಮೇಲೆ ಅವನ ಮೇಲೆ ಸಿಟ್ಟು ಬಂತು, ಅವನ ಕುದುರೆಗೆ ಮನೆ ಹುಡುಕಬೇಕಾಗಿರಲಿಲ್ಲವಲ್ಲ.

ಕಾಗದ ಹೋದ ಕಡೆಯಿಂದೆಲ್ಲ ಬೇಡವೆಂದೇ ಮಾತು ಬಂದಿತ್ತು. ಹಿರಿಯೂರು ಸೀಮೆಯ ಧರ್ಮಪುರದ ಒಂದು ಗೌಡರ ಮನೆಯವರು ಮಾತ್ರ, ಬರಹ ಒಂದು ಚಿತ್ರ ಒಂದು ಆಗಿದೆ, ನಿಜವಾದರೆ ಕುದುರೆಯನ್ನೇ ತಂದು ತೋರಿಸಿ ಎಂದು ಹೇಳಿ ಕಳಿಸಿದ್ದರು. ಗೌಡರಿಗೆ ಹೊಲ ಸುತ್ತಲು ಮೆತ್ತನೆಯ ಕುದುರೆ ಬೇಕಿತ್ತು, ಹಿಂದಿನದು ಅವರನ್ನು ಕೆಡವಿ ಸೊಂಟ ನೋಯಿಸಿತ್ತಂತೆ. ಅಳಿಯ ಗಾಡಿ ತರುವುದಕ್ಕೆ ಎಂಟು ದಿನ ಉಳಿದಿತ್ತು. ಅಷ್ಟರಲ್ಲಿ ಮನೆ ಸಿಗದಿದ್ದರೆ ಕುದುರೆಯನ್ನು ಜಟಕಾದವರಿಗೆ ಕೊಟ್ಟು ನಿಮ್ಮನ್ನು ಎತ್ತಿಕೊಂಡು ಹೋಗುತ್ತೇನೆ ಎಂದು ಅವನು ಖಡಾಖಂಡಿತವಾಗಿ ಹೇಳಿ ಹೋಗಿದ್ದ. ಸವಾರಜ್ಜನಿಗೆ ಆ ಹಾದಿ ಗೊತ್ತಿರಲಿಲ್ಲ, ಕುದುರೆಗೂ ಗೊತ್ತಿರಲಿಲ್ಲ.

"ಇವಳ್ನ ನಾನು ಕರ್ಕೊಂಡು ಹೋಗ್ತೀನಿ, ನೀವು ಇಲ್ಲೇ ಇರ್ರಿ" ಎಂದು ನನ್ನ ಬಾಯಿಂದಲೇ ಬಂತು.

ಮೊದಲ ದಿನ ಹಗ್ಗವನ್ನು ತುದಿಯಲ್ಲಿ ಹಿಡಿದು, ಅದು ಎಳೆದಾಡದಿದ್ದರೂ ತೋಳು ಚಾಚಿಕೊಂಡು ನಡೆದೆ. ಅದು ಉಸಿರು ಬಿಟ್ಟರೆ ನಾನು ಬೆಚ್ಚುತ್ತಿದ್ದೆ. ನಾನು ಬೇಗ ಹೆಜ್ಜೆ ಹಾಕಿದರೆ ಅದು ತನ್ನ ಹೆಜ್ಜೆಯಲ್ಲೇ ಬರುತ್ತಿತ್ತು, ಹಗ್ಗ ಬಿಗಿಯಾಗಿ ನಾನೇ ನಿಲ್ಲಬೇಕಾಗುತ್ತಿತ್ತು. ಬೈದೆ, ಕೇಳಲಿಲ್ಲ. ಗಾಡಿ ಎದುರು ಬಂದರೆ ತಾನಾಗಿ ಪಕ್ಕಕ್ಕೆ ಸರಿದು, ನಾನೂ ಸರಿದೆನೇ ಎಂದು ಕತ್ತು ತಿರುಗಿಸಿ ನೋಡಿಕೊಳ್ಳುತ್ತಿತ್ತು. ತಗ್ಗು ಬಂದರೆ ನಿಲ್ಲುತ್ತಿತ್ತು. ಎರಡು ವರ್ಷ ಕಣ್ಣಿಲ್ಲದವರನ್ನು ಹೊತ್ತು ಕಲಿತ ನಡಿಗೆ ಅದು. ಎರಡನೆಯ ದಿನ ಮಾರಿಕಣಿವೆಯ ಕಟ್ಟೆ ದಾಟಿ ಕೆಳಗೆ ವೇದಾವತಿಯಲ್ಲಿ ನೀರು ಕುಡಿಸುವಾಗ ನಾನು ಅದರ ಕತ್ತಿನ ಮೇಲೆ ಕೈ ಇಟ್ಟಿದ್ದೆ. ಯಾವಾಗ ಇಟ್ಟೆ ಎಂದು ತಿಳಿಯಲಿಲ್ಲ.

ಮೂರನೆಯ ದಿನ ಇಳಿಹೊತ್ತಿಗೆ ಧರ್ಮಪುರ. ಗೌಡರು ಮಂಚದ ಮೇಲೆ ಸೊಂಟಕ್ಕೆ ದಿಂಬು ಇಟ್ಟು ಮಲಗಿದ್ದರು. ಹೊರಗೆ ಬಂದವರು ಅವರ ತಾಯಿ, ಹಿರಿಯ ಗೌಡ್ತಿ. ಆ ಮನೆಯಲ್ಲಿ ಕುದುರೆ ದನಗಳ ಸುಳಿ ನೋಡುವವರು ಅವರೇ ಅಂತೆ. ಅವರದು ತೆಲುಗು ಬೆರೆತ ಆ ಸೀಮೆಯ ಮಾತು, ಚಿಕ್ಕವರನ್ನು ಅಪ್ಪಾ ಎನ್ನುವ ಹಾಗೆ ನಾಯ್ನಾ ಎನ್ನುತ್ತಾರೆ. ನನ್ನ ಚಹರೆ ಕಾಗದವನ್ನು ಜಗಲಿಯ ಮೇಲೆ ಬಿಡಿಸಿ, ಹಾರದಂತೆ ಒಂದು ಕಲ್ಲು ಇಟ್ಟರು.

"ಇದು ಕುದ್ರೆನಾ, ದೆವ್ವನಾ?" ಎಂದರು. ಆಮೇಲೆ ಕುದುರೆಯ ಸುತ್ತ ಒಂದು ಸುತ್ತು ಬಂದರು. ಗಂಟಲ ಕೆಳಗೆ ಬೆರಳಾಡಿಸಿ ಸುಳಿ ನೋಡಿದರು, ರೆಪ್ಪೆ ಎತ್ತಿ ಕಣ್ಣು ನೋಡಿದರು. ಕಾಲಿನ ಹತ್ತಿರ ಬಂದು ನಿಂತರು. "ಎಡಗಾಲಿಗೆ ಸುಣ್ಣ ಬಳಿದು, ಬಲಗಾಲಿಗೆ ಕಾವಿ ಬಳಿದು ತರಾ ಜನ ಅದಾರೆ ನಾಯ್ನಾ" ಎನ್ನುತ್ತ ಒಂದು ಕೊಡ ನೀರು, ಸೀಗೆಪುಡಿ ತರಿಸಿದರು.

ಕೂತು ಎರಡು ಹಿಂಗಾಲುಗಳನ್ನೂ ಪಾತ್ರೆ ಉಜ್ಜುವ ಹಾಗೆ ಉಜ್ಜಿದರು. ಒಂದು ಒದೆ ಬಿದ್ದರೆ ಎಲ್ಲ ಮುಗಿಯಿತು. ಕುದುರೆ ಉಜ್ಜಿದ ಕಾಲನ್ನು ತಾನೇ ಸ್ವಲ್ಪ ಎತ್ತಿ ಕೊಟ್ಟಿತು. ನೀರು ತಿಳಿಯಾಗಿಯೇ ಹರಿಯಿತು. ಎಡಗಾಲು ಬಿಳಿಯಾಗಿಯೇ ಇತ್ತು, ಬಲಗಾಲು ಕಂದಾಗಿಯೇ ಇತ್ತು.

ಗೌಡ್ತಿ ಎದ್ದು ಒಳಗೆ ಹೋದವರು ಕೈ ಹಿಂದೆ ಮಾಡಿಕೊಂಡು ಬಂದರು. ಕುದುರೆಯ ಮುಖದ ಎದುರಿಗೇ ಕಪ್ಪು ಛತ್ರಿಯೊಂದನ್ನು ಫಟ್ಟನೆ ಬಿಚ್ಚಿದರು. ಕುದುರೆ ಕಣ್ಣು ಮಿಟುಕಿಸಿತು. ಹಿಂದಕ್ಕೆ ಹಾರಿ ಕೊಡದ ಮೇಲೆ ಬಿದ್ದವನು ನಾನು.

ಅವರು ಕಾಗದ ನೋಡಿದರು, ನನ್ನನ್ನು ನೋಡಿದರು. "ಈ ಕಾಗದದಾಗಿರಾದು ಕುದ್ರೆ ಅಲ್ಲ ನಾಯ್ನಾ, ನೀನು" ಎಂದರು. ಒಳಗಿನಿಂದ ಗೌಡರ ನಗು ಕೇಳಿಸಿತು. ನನಗೆ ನಗು ಬರಲಿಲ್ಲ. ತನ್ನ ಬಗ್ಗೆ ನಿಜ ಹೇಳಿದರೆ ಯಾರಿಗೂ ನಗು ಬರುವುದಿಲ್ಲ.

ಅವರು ಒಪ್ಪಿದರು. ಜಟಕಾಕ್ಕೆ ಹೂಡುವುದಿಲ್ಲ, ಚಾವಟಿ ಮುಟ್ಟಿಸುವುದಿಲ್ಲ ಎಂದು ಬಸವಣ್ಣನ ಗುಡಿಯ ಕಡೆ ಮುಖ ಮಾಡಿ ಮಾತು ಕೊಟ್ಟರು. ತಮ್ಮದೂ ಒಂದು ಮಾತು ನಡೆಸಬೇಕೆಂದರು. ಕಾಗದದ ಬೆನ್ನಿಗೆ ನಾನು ಬರೆದುಕೊಡಬೇಕು. ಚಿತ್ರ ಸುಳ್ಳು, ಕುದುರೆಯವರ ಮಾತು ನಿಜ ಎಂದು. ಬರೆದೆ, ಕೆಳಗೆ ನನ್ನ ಹೆಸರು ಹಾಕಿದೆ. ಅದೇ ಮಾತನ್ನು ಇನ್ನೊಂದು ಕಾಗದದಲ್ಲಿ ಬರೆದು ಹೊಳಲ್ಕೆರೆಯ ವರ್ತಕರಿಗೆ ಅಂಚೆಯಲ್ಲಿ ಕಳಿಸಿದೆ, ಯಾರೂ ಕೇಳದಿದ್ದರೂ.

ಹೊರಡುವಾಗ ಕುದುರೆಯ ಮುಂದೆ ಹಸಿ ಕಡಲೆಬಳ್ಳಿ ಹಾಕಿದ್ದರು. ಹಳೆಯ ಹಗ್ಗ ಬಿಚ್ಚಿ ನನಗೆ ಕೊಟ್ಟರು. ನಾನು ಅಂಗಳದ ಬಾಗಿಲಲ್ಲಿ ನಿಂತು ನಾಲಿಗೆಯಿಂದ ಸದ್ದು ಮಾಡಿ ಕರೆದೆ. ಮತ್ತೊಮ್ಮೆ ಕರೆದೆ. ಆಮೇಲೆ ಹೊರಟುಬಂದೆ.

ಹೊಸದುರ್ಗಕ್ಕೆ ಬಂದಾಗ ಎಂಟನೆಯ ದಿನ ಬೆಳಿಗ್ಗೆ. ಅಳಿಯನ ಗಾಡಿ ಬೀದಿಯ ಕೊನೆಯಲ್ಲಿ ನಿಂತಿತ್ತು, ಸಾಮಾನು ಏರಿಸಿ ಆಗಿತ್ತು. ಸವಾರಜ್ಜ ಖಾಲಿ ಚಪ್ಪರದ ಕೆಳಗೆ ಗೂಟದ ಪಕ್ಕ ಕೂತಿದ್ದರು. ನಾನು ಹಗ್ಗವನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ತುದಿಯಿಂದ ತುದಿಯವರೆಗೆ ಸವರಿದರು.

"ಒಪ್ಪಿದ್ರಾ?"

"ಒಪ್ಪಿದ್ರು ಅಜ್ಜಾ. ಕಾಲು ಉಜ್ಜಿ ನೋಡಿದ್ರು. ನಿಮ್ಮ ಮಾತೇ ನಿಜ ಅಂತ ಬರೆಸ್ಕೊಂಡ್ರು."

ಅವರು ತಲೆಯಾಡಿಸಿದರು. ಗಾಡಿಯ ಕಡೆಯಿಂದ ಅಳಿಯ ಹೊತ್ತಾಯಿತೆಂದು ಕೂಗಿದ. ಸವಾರಜ್ಜ ಏಳಲಿಲ್ಲ.

"ತಮ್ಮ, ನೀನು ಹೊರಟಾಗ ಅವ್ಳು ತಿರುಗಿ ನೋಡಿದ್ಲಾ?"

ನನ್ನ ಕಣ್ಣೆದುರಿಗೆ ಒಂದು ಚಿತ್ರ ಎದ್ದು ಬಂತು. ಕತ್ತು ಕೊಂಕಿಸಿ, ಹಗ್ಗ ಬಿಗಿದು, ಕಣ್ಣಿನ ಬಿಳಿ ತಿರುಗಿಸಿ, ಬಂದ ಹಾದಿಯ ಕಡೆ ಹೇಷಾರವ ಮಾಡುವ ಕುದುರೆ. ಅದನ್ನು ಬರೆಯುವುದು ನನಗೆ ಚೆನ್ನಾಗಿ ಗೊತ್ತಿತ್ತು. ಈ ಮುದುಕರಿಗೆ ಅದು ಬೇಕೂ ಆಗಿತ್ತು, ಮುಖ ನೋಡಿದರೆ ತಿಳಿಯುತ್ತಿತ್ತು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ, ನಾನು ಹೇಳಿದ್ದೇ ಅವರಿಗೆ ಚಿತ್ರ.

"ಇಲ್ಲ ಅಜ್ಜಾ" ಎಂದೆ. "ಮೇವಿನಾಗೆ ಮುಖ ಇಟ್ಟಿದ್ಲು. ಎರಡು ಸಲ ಕರೆದೆ, ತಲೆ ಎತ್ತಲಿಲ್ಲ."

ಹಗ್ಗವನ್ನು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಪೊರೆ ಬಂದ ಕಣ್ಣಿನಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

"ನೋಡಿದ್ಲು ಅಂದಿದ್ರೆ ನಾನು ನಂಬ್ತಿರಲಿಲ್ಲ" ಎಂದರು. "ಜಾಗ ಒಗ್ಗಿದ್ರೇನೇ ಮೇವು ಅವಳಿ​ಗೆ. ಮನಸಿಗೆ ಬರದಿದ್ರೆ ಮುಟ್ಟಲ್ಲ. ತಿಂದ್ಲು ಅಂದ್ರೆ ಆ ಮನೆಗೆ ಹೊಂದ್ಕಂಡ್ಲು."

ಆಮೇಲೆ ಹಗ್ಗವನ್ನು ಚೀಲಕ್ಕೆ ಹಾಕಿ, ಗೂಟ ಹಿಡಿದು ಎದ್ದರು. ಗಾಡಿಯವರೆಗೆ ನೂರು ಮಾರು ದಾರಿ, ನಡುವೆ ಒಂದು ಚರಂಡಿ, ಎರಡು ತಗ್ಗು. ಅಷ್ಟು ವರ್ಷ ಕುದುರೆಯ ಮೇಲೆ ದಾಟಿದ್ದ ಆ ನೂರು ಮಾರನ್ನು ಅವರು ಈಗ ಕಾಲಲ್ಲಿ ದಾಟಬೇಕಿತ್ತು. ಅವರು ನನ್ನ ಹೆಗಲು ಹುಡುಕಿ ಕೈ ಇಟ್ಟರು.

"ಹೋಗಾಣ ನಡಿ" ಎಂದರು. "ಅವ್ಳು ನಡೆದಂಗೆ ನಡಿ."

ನಾನು ಒಂದು ಹೆಜ್ಜೆ ಇಟ್ಟು, ಅವರ ಹೆಜ್ಜೆ ಬರುವವರೆಗೆ ಕಾದೆ. ತಗ್ಗಿನ ಹತ್ತಿರ ನಿಂತೆ. ಎದುರಿನಿಂದ ದನ ಬಂದವು, ಪಕ್ಕಕ್ಕೆ ಸರಿದು, ಅವರೂ ಸರಿದರೇ ಎಂದು ಕತ್ತು ತಿರುಗಿಸಿ ನೋಡಿಕೊಂಡೆ.